ಮುಗಿಲವೀರ ಎಡಚನಾದದ್ದು

ರಾಮದುರ್ಗ ಸಂಸ್ಥಾನದಲ್ಲಿ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತುವ ಕಲ್ಲಚ್ಚಿನ ಮುದ್ರಣವನ್ನು ಚೆನ್ನಾಗಿ ಬಲ್ಲವನು ನಾನೊಬ್ಬನೇ ಎಂದು ತಿಳಿದಿದ್ದೆ. ಹಾಗೆ ತಿಳಿದವನೂ ನಾನೊಬ್ಬನೇ!

ಲಗ್ನಪತ್ರಿಕೆ ಅಚ್ಚುಹಾಕಿ ಹಾಕಿ ಬೇಸತ್ತಿದ್ದಾಗ ಮಗ ಬಸಲಿಂಗ ಹೊಸ ವಿಚಾರ ತೆಗೆದ. ಚಿತ್ರದಲ್ಲೇ ಕಥೆ ಹೇಳುವ ಪುಸ್ತಕ, ತಿಂಗಳಿಗೊಂದು ಸಂಚಿಕೆ. ನಾಯಕ ಮುಗಿಲವೀರ ಆಕಾಶದಲ್ಲಿ ಹಾರುತ್ತಾನೆ. ಅವನ ಅಪ್ಪನೂ ಹಾರುತ್ತಾನೆ, ಆದರೆ ಮಗನ ಮಾತು ಕೇಳದೆ ಹೋಗಿ ಹುಣಸೆಮರಕ್ಕೆ ಸಿಕ್ಕಿಕೊಳ್ಳುತ್ತಾನೆ.

“ಕಥಿ ಚಲೋ ಐತಿ. ಆದ್ರ ಇಂಥಾ ಹಟಮಾರಿ ಅಪ್ಪ ಎಲ್ಲಿರ್ತಾನೋ?” ಎಂದೆ.

ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಂಗವ್ವ ನಕ್ಕಳು. ಯಾಕೆಂದು ಆಗ ತಿಳಿಯಲಿಲ್ಲ.

ಅಪ್ಪ ಮಗ ಕೂಡಿ ಕೆಲಸ ಮಾಡುವುದು ನಮ್ಮಲ್ಲಿ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬರಹ ನನ್ನದು, ಚಿತ್ರ ಅವನದು ಎಂದು ಒಪ್ಪಂದವಾಯಿತು. ಅವನು ಚಿತ್ರಗಳನ್ನೆಲ್ಲ ಕಾಗದದ ಮೇಲೆ ಬರೆದಿಟ್ಟು, ಎರಡು ದಿನದ ಮಟ್ಟಿಗೆ ಕಟಕೋಳದ ಅಕ್ಕನ ಮನೆಗೆ ಗಾಡಿ ಹೂಡಿದ. ಹೊರಡುವಾಗ ಹೇಳಿದ:

“ಯಪ್ಪಾ, ಕಲ್ಲಿನ ಮ್ಯಾಲ ಚಿತ್ರ ನಾನ ಇಳಸ್ತೇನಿ. ನೀ ಕೈ ಹಚ್ಚಿದ್ಯೋ, ನಿನ್ನ ಜೋಡಿ ಇದ ನನ್ನ ಕಡೀ ಪುಸ್ತಕ ನೋಡು.”

ಆದರೂ ಕೈ ತುರಿಸುತ್ತಿತ್ತು. ಮಗ ಬರುವಷ್ಟರಲ್ಲಿ ಪುಸ್ತಕ ಸಿದ್ಧವಾಗಿದ್ದರೆ ಎಷ್ಟು ಖುಷಿಪಟ್ಟಾನು!

ಕಲ್ಲಿನ ಮೇಲೆ ಅಕ್ಷರಗಳನ್ನು ಎಡಬಲ ತಿರುವಿ ಹಿಂದುಮುಂದಾಗಿ ಬರೆದರೆ ಕಾಗದದ ಮೇಲೆ ನೆಟ್ಟಗೆ ಮೂಡುತ್ತವೆ. ಇದು ನನಗೆ ಬಾಯಿಪಾಠ. ಹಾಗೇ ಬರೆದೆ. ಚಿತ್ರ ಮಾತ್ರ ಇದ್ದಂತೆಯೇ ಇಳಿಸಿದೆ.

“ಚಿತ್ರಾನೂ ತಿರುವಿ ಬರೀಬೇಕಲ್ರೀ?” ಎಂದಳು ಗಂಗವ್ವ.

“ಅಕ್ಷರಕ್ಕ ಎಡಾ ಬಲಾ ಇರ್ತಾವ. ಮನಷ್ಯಾಗ ಏನಿರ್ತಾವ?” ಎಂದು ಗದರಿದೆ.

ಇನ್ನೂರು ಪ್ರತಿ ಮುದ್ರಿಸಿ, ಮೊದಲನೆಯದಕ್ಕೆ ಆಶೀರ್ವಾದ ಬೇಡಲು ಮಠಕ್ಕೆ ಹೋದೆ. ಮಠದ ಸ್ವಾಮಿಗಳಾದ ಅಜ್ಜಾರು ಕನ್ನಡಕ ಸರಿಮಾಡಿಕೊಂಡು ಮುಖಪುಟ ನೋಡಿದರು. ಮುಗಿಲವೀರ ಹಾರುವ ಮೊದಲು ಲಿಂಗಪೂಜೆ ಮಾಡುವ ಚಿತ್ರ.

“ಅಲ್ಲಪಾ, ಲಿಂಗ ಎಡಗೈಯಾಗ ಹಿಡದು ಬಲಗೈಲೆ ಪೂಜಿ ಮಾಡೂದು ನಮ್ಮ ಪದ್ಧತಿ. ಈ ಮಾರಾಯ ಬಲಗೈಯಾಗ ಹಿಡದು ಎಡಗೈಲೆ ಹೂ ಏರಸಾಕ ಹತ್ಯಾನಲ್ಲ!”

ಪುಟ ತಿರುವಿದರು. ವೀರ ಎಡಗೈಯಿಂದ ವಿಭೂತಿ ಹಚ್ಚಿಕೊಳ್ಳುತ್ತಿದ್ದ! ಎಡಗೈಯಿಂದಲೇ ಅಪ್ಪನ ಬಾಯಿಗೆ ತುತ್ತು ಇಡುತ್ತಿದ್ದ! ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಶೀರ್ವಾದ ಮಾಡುವುದನ್ನೂ ಮರೆತರು.

ಮನೆಗೆ ಬಂದರೆ ಕಟ್ಟೆಯ ಮೇಲೆ ಬಸಲಿಂಗ. ಕೈಯಲ್ಲಿ ಒಂದು ಪ್ರತಿ. ಇನ್ನು ಇವನು ನನ್ನ ಜೊತೆ ಕೂಡುವುದಿಲ್ಲ ಎಂದುಕೊಂಡೆ.

ಅವನು ಒಳಗಿನಿಂದ ಕನ್ನಡಿ ತಂದು ಪುಸ್ತಕದ ಮುಂದೆ ಹಿಡಿದ. ಕನ್ನಡಿಯಲ್ಲಿ ಲಿಂಗ ಎಡಗೈಗೆ ಬಂತು. ನನ್ನ ಅಕ್ಷರಗಳೆಲ್ಲ ಹಿಂದುಮುಂದಾದವು.

“ನೋಡೂದಕ್ಕ ಕನ್ನಡಿ ಹಿಡೀಬೇಕು, ಓದೂದಕ್ಕ ತಗೀಬೇಕು. ಭಾರಿ ಪುಸ್ತಕ ಯಪ್ಪಾ!” ಎಂದವನೇ ಕಟ್ಟೆಯಿಂದ ಜಾರುವಷ್ಟು ನಕ್ಕ. ಅವನು ಹಾಗೆ ನಕ್ಕದ್ದು ನೋಡಿ ಎಷ್ಟು ದಿನವಾಗಿತ್ತೋ! ನನ್ನ ಕಣ್ಣು ತುಂಬಿ ಬಂತು.

“ಮುಂದಿನ ಪುಸ್ತಕ?” ಎಂದು ಮೆಲ್ಲಗೆ ಕೇಳಿದೆ.

“ಕೂಡೇ ಮಾಡೂಣು. ಆದ್ರ ನಾ ಹೇಳಿದ್ದಷ್ಟ ನೀ ಮಾಡಬೇಕು.”

ಎರಡನೆಯ ಸಂಚಿಕೆಯಲ್ಲಿ ಮುಗಿಲವೀರನ ಅಪ್ಪ ಹಾರುವುದಿಲ್ಲ. ಮಗ ಚಿತ್ರ ಬರೆದ ಕಲ್ಲಿಗೆ, ಮಸಿ ಹಚ್ಚುವ ಮೊದಲು, ಒದ್ದೆ ಬಟ್ಟೆ ಸವರುತ್ತ ಕೂತಿರುತ್ತಾನೆ. ಮೀಸೆ ಥೇಟ್ ನನ್ನದೇ. ಈಗ ಕೆಲಸವೂ!