ಕಣ್ಣೊಳಗಿನ ಲೆನ್ಸೂ ಅಟ್ಟದ ಕೊಬ್ಬರಿಯೂ

ಕಣ್ಣು ಸರಿಯಿಲ್ಲದವರಿಗೆ ಇಂಥವು ಆಗುತ್ತಲೇ ಇರುತ್ತವೆ ಅಂದುಕೊಂಡಿದ್ದೆ. ಸರಿಯಾದ ಮೇಲೂ ಆಗುತ್ತವೆ.

ಮೂಟೆಯಲ್ಲಿ ಹೋದದ್ದು

ನನ್ನ ಕನ್ನಡಕದ ಪವರ್ ಮೈನಸ್ ಹದಿನಾರು. ಮನೆಯಲ್ಲಿ ಅಪ್ಪನ ಜೊತೆ ಕೊಬ್ಬರಿ ಕೆಲಸ ನನ್ನದು. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅಪ್ಪ ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಸದ್ದು ಬಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಅರ್ಥ, ಒಡೆಯುವುದು. ಬರದಿದ್ದರೆ ವಾಪಸ್ ಅಟ್ಟಕ್ಕೆ.

ಒಂದು ದಿನ ಮೂಟೆ ತುಂಬುವಾಗ ಕನ್ನಡಕ ಕಳೆದುಹೋಯಿತು. ಹುಡುಕೋಣವೆಂದರೆ ಕನ್ನಡಕ ಬೇಕು. ಎರಡು ದಿನ ಗೋಡೆ ಹಿಡಿದು ಓಡಾಡಿದೆ. ಮೂರನೇ ದಿನ ತಿಪಟೂರಿನ ಮಂಡಿಯವರು ಫೋನ್ ಮಾಡಿದರು.

"ಕೊಬ್ಬರಿ ಚೆನ್ನಾಗೈತೆ ಕಣ್ರೀ. ಆದ್ರೆ ಮೂಟೆ ಒಳಗಿಂದ ಯಾರೋ ನನ್ನೇ ನೋಡ್ತಾವ್ರೆ."

ಕಟ್ಟದ ಕರು

ಇನ್ನು ಕನ್ನಡಕದ ಸಹವಾಸ ಸಾಕೆಂದು ಹಠ ಹಿಡಿದು ಅಪ್ಪನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋದೆ. ಡಾಕ್ಟರು ಅಪ್ಪನಿಗೆ ಬಿಡಿಸಿ ಹೇಳಿದರು: "ನಿಮ್ಮ ಮಗಳ ಕಣ್ಣಿನ ಸ್ವಂತ ಲೆನ್ಸ್ ತೆಗೆಯಲ್ಲ. ಅದರ ಮುಂದೆ ತೆಳ್ಳನೆಯದು ಇನ್ನೊಂದು ಕೂರಿಸ್ತೀವಿ. ಕಣ್ಣಿನ ಉಬ್ಬು ಸಮವಾಗಿಲ್ಲ, ಅದಕ್ಕೆ ಲೆನ್ಸ್ ಒಂದೇ ದಿಕ್ಕಿಗೆ ಕೂತಿರಬೇಕು. ಅಪರೂಪಕ್ಕೆ ತಿರುಗಿದ್ರೆ ಮತ್ತೆ ಮಂಜಾಗುತ್ತೆ, ಸರಿ ಮಾಡಬೇಕಾಗುತ್ತೆ."

ಅಪ್ಪ ಕೇಳಿದ, "ಒಳಗೆ ಯಾತಕ್ಕೆ ಕಟ್ತೀರಾ?"

"ಯಾವುದಕ್ಕೂ ಕಟ್ಟಲ್ಲ. ಹಾಗೇ ಕೂತಿರುತ್ತೆ."

"ಕಟ್ದೆ ಬುಟ್ರೆ ಕರೂನೇ ಒಂದ್ಕಡೆ ನಿಲ್ಲಕಿಲ್ಲ ಸ್ವಾಮಿ."

ದೊಡ್ಡಮ್ಮನ ತಪಾಸಣೆ

ಆಪರೇಷನ್ ಆಯಿತು. ಮನೆಗೆ ಬಂದು ತೆಂಗಿನ ಗರಿಯ ಎಲೆಗಳು ಬಿಡಿಬಿಡಿಯಾಗಿ ಕಂಡಾಗ ನನಗೆ ಅಳುವೇ ಬಂತು. ನೋಡಲು ಚಿಕ್ಕನಾಯಕನಹಳ್ಳಿಯಿಂದ ಬಂದ ದೊಡ್ಡಮ್ಮ ನನ್ನ ರೆಪ್ಪೆ ಎತ್ತಿ, ಬಿಸಿಲಿಗೆ ತಿರುಗಿಸಿ, ಎರಡೂ ಕಣ್ಣಲ್ಲಿ ಲೆನ್ಸ್ ಹುಡುಕಿದಳು.

"ಏನೂ ಕಾಣಕಿಲ್ವಲ್ಲೇ. ಹಾಕವ್ರೋ, ಹಾಕಿದೀವಿ ಅಂತ ಕಳಿಸವ್ರೋ?"

ಅಪ್ಪನ ಪರೀಕ್ಷೆ

ಐದನೆಯ ದಿನ ಬೆಳಿಗ್ಗೆ ಬಲಗಣ್ಣು ಮಂಜಾಯಿತು. ಲೆನ್ಸ್ ತಿರುಗಿಬಿಟ್ಟಿತೇ? ಇನ್ನೊಮ್ಮೆ ಆಪರೇಷನ್ನೇ? ಆಸ್ಪತ್ರೆಗೆ ಫೋನ್ ಮಾಡಿದೆ, ನಾಳೆ ಬನ್ನಿ ಅಂದರು. ಅಪ್ಪ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮಧ್ಯಾಹ್ನ ಜಗಲಿಯ ಮೇಲೆ ಮಲಗಿದ್ದೆ. ತಲೆ ಅಲ್ಲಾಡಿದಂತಾಗಿ ಎಚ್ಚರವಾಯಿತು. ಅಪ್ಪ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು, ಬಲಗಣ್ಣಿನ ಪಕ್ಕ ಕಿವಿಯಿಟ್ಟು, ಮೆಲ್ಲಗೆ ಅಲ್ಲಾಡಿಸುತ್ತಿದ್ದ.

"ಅಪ್ಪ, ಏನ್ಮಾಡ್ತಿದೀಯ?"

"ಸುಮ್ಕಿರವ್ವ. ಸದ್ದು ಬತ್ತದಾ ಅಂತ ನೋಡ್ತಿವ್ನಿ."

"ಬಂತಾ?"

"ಇಲ್ಲ ಕಣವ್ವ. ಗಟ್ಟಿಗೈತೆ." ಅಂದವನೇ ಹೋಗಿ ಎರಡು ಮುದ್ದೆ ಉಂಡ.

ಮಾರನೆಯ ದಿನ ಡಾಕ್ಟರು ಯಂತ್ರವಿಟ್ಟು ನೋಡಿದರು. ಲೆನ್ಸ್ ಕೂರಿಸಿದ ಕಡೆಯೇ ಇತ್ತು. ಕಣ್ಣು ಒಣಗಿ ಮಂಜಾಗಿತ್ತು, ಅಷ್ಟೆ. ಅಪ್ಪ, "ನಾನು ನೆನ್ನೇನೇ ನೋಡ್ದೆ ಬುಡಿ," ಎಂದು ನಡೆದದ್ದನ್ನೆಲ್ಲ ವಿವರಿಸಿದ.

ಡಾಕ್ಟರು ಯಂತ್ರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು, "ಅಕಸ್ಮಾತ್ ಸದ್ದು ಬಂದಿದ್ರೆ ಏನ್ಮಾಡ್ತಿದ್ರಿ?"

ನಲವತ್ತು ವರ್ಷದ ಅಭ್ಯಾಸ. ಅಪ್ಪ ಯೋಚನೆ ಮಾಡಲಿಲ್ಲ.

"ಸದ್ದು ಬಂದ್ರೆ ಒಡೆಯೋದೇ ಸ್ವಾಮಿ."