ಮಾಗೋಡು ಮೋರಿಯ ಟೆಂಡರು

ಟೆಂಡರುಗಳು ತಗಡಿನ ಪೆಟ್ಟಿಗೆ ಬಿಟ್ಟು ಕಂಪ್ಯೂಟರಿಗೆ ಹೋದ ವರ್ಷವೇ ಯಲ್ಲಾಪುರದ ಗುತ್ತಿಗೆದಾರ ವಿಘ್ನೇಶ್ವರ ಹೆಗಡೆಯ ನಿದ್ದೆ ಕೆಟ್ಟಿತು. ಪೆಟ್ಟಿಗೆಯ ಕಾಲದಲ್ಲಿ ಯಾರ ಮೇಲೆ ಅನುಮಾನಪಡಬೇಕೆಂಬುದು ಕಣ್ಣೆದುರೇ ಇರುತ್ತಿತ್ತು. ಗುಮಾಸ್ತನ ಕಿವಿಗೆ ಯಾರ ಬಾಯಿ ಹತ್ತಿರವೋ ಅವರ ಮೇಲೆ. ಈಗ ಯಾರು ಎಲ್ಲಿ ಕೂತು ಏನು ಒತ್ತುತ್ತಾರೋ ಯಾರಿಗೆ ಗೊತ್ತು? ಹಾಗಾಗಿ ಎಲ್ಲರ ಮೇಲೂ ಅನುಮಾನಪಡಬೇಕಾಯಿತು. ಕೆಲಸ ಹೆಚ್ಚಿತು.

ಒಂದರ ಹಿಂದೊಂದು ಟೆಂಡರು ಕೂದಲೆಳೆಯಲ್ಲಿ ಕೈತಪ್ಪಿದ್ದವು. ಈ ವರ್ಷ ಒಂದಾದರೂ ಕೆಲಸ ಸಿಗದಿದ್ದರೆ ಲೈಸೆನ್ಸು ಹೋಗುತ್ತಿತ್ತು. ಆಮೇಲೆ ಊರಿನ ಇನ್ನೊಬ್ಬ ಗುತ್ತಿಗೆದಾರ ಮಂಜಪ್ಪ ನಾಯ್ಕನ ಕೈಕೆಳಗೆ ಮರಳು ಅಳೆಯುತ್ತ ನಿಲ್ಲುವುದೊಂದೇ ದಾರಿ. ಯಲ್ಲಾಪುರದ ಸೈಬರ್ ಕೆಫೆಯಲ್ಲಿ ತಾನು ಹುಡುಕಿದ್ದೆಲ್ಲ ಸಂಜೆಯೊಳಗೆ ಊರಿಗೆ ತಿಳಿಯುತ್ತದೆಂದು ಹೆಗಡೆಗೆ ಖಾತ್ರಿಯಾಗಿತ್ತು. ಆದ್ದರಿಂದ ಯಲ್ಲಾಪುರದ ಟೆಂಡರು ಹುಡುಕಲು, ಸಿರಸಿಯನ್ನೂ ದಾಟಿ, ಸಿದ್ದಾಪುರಕ್ಕೇ ಹೋಗುವುದೆಂದು ನಿಶ್ಚಯಿಸಿದ.

"ಎಲ್ಲಿಗೆ ಹೊಂಟಿದ್ದು?" ಎಂದಳು ಹೆಂಡತಿ ಲಕ್ಷ್ಮೀ.

"ಸಿರಸಿಗೆ. ಹಲ್ಲುನೋವು."

"ನಿನ್ನೆ ಚಕ್ಕುಲಿ ತಿನ್ನಕಾರೆ ಇತ್ತಿಲ್ಲೆ?"

"ಅದ್ರಿಂದ್ಲೇ ಬಂತು."

ಬಸ್ಸಿನಲ್ಲಿ ಪಕ್ಕದ ಮನೆಯ ಸೀತಮ್ಮ ಸಿಕ್ಕಿದರು. ಹಲ್ಲುನೋವಿನ ಸುದ್ದಿ ಬೇಲಿ ಹಾರಿ ಅವರಿಗಿಂತ ಮೊದಲೇ ಬಸ್ಸು ಹತ್ತಿತ್ತು.

"ಬಾಯಿ ತೆಗಿಯ ತಮಾ, ನೋಡ್ತೆ. ಯಾವ ಹಲ್ಲು?"

ಹೆಗಡೆ ಬಲಗಡೆ ತೋರಿಸಿದ. ಮಂಚೀಕೇರಿ ದಾಟಿದ ಮೇಲೆ ಅವರು ಮತ್ತೆ ಕೇಳಿದಾಗ ಎಡಗಡೆ ತೋರಿಸಿದ.

"ಆಗ ಬಲಗಡೆ ಹೇಳಿದ್ಯಲ!"

"ಓಡಾಡ್ತಾ ಇದ್ದು ಸೀತಕ್ಕ."

ಸೀತಮ್ಮ ಸಂಚಿಯಿಂದ ಲವಂಗ ತೆಗೆದು ಅವನ ಬಾಯಿಗೆ ತುರುಕಿದರು. ಸಿರಸಿಯಲ್ಲಿ ತಮ್ಮ ಅಣ್ಣನ ಮಗನೇ ಹಲ್ಲಿನ ಡಾಕ್ಟರು, ತಾವೇ ಮುಂದೆ ನಿಂತು ಕೀಳಿಸುತ್ತೇವೆ ಎಂದರು. ಸಿರಸಿ ನಿಲ್ದಾಣದಲ್ಲಿ ಅವರು ಚೀಲ ಇಳಿಸಿಕೊಳ್ಳುವಷ್ಟರಲ್ಲಿ ಹೆಗಡೆ ಎರಡು ಬಸ್ಸುಗಳ ನಡುವೆ ನುಸುಳಿ, ಹೊರಟಿದ್ದ ಸಿದ್ದಾಪುರದ ಬಸ್ಸಿಗೆ ನೇತುಬಿದ್ದ.

ಸಿದ್ದಾಪುರದ ಸೈಬರು ಚೇತನಾ ಎಂಬ ಹೆಂಗಸಿನದು. ಪ್ಲೈವುಡ್ಡಿನ ಗೂಡುಗಳು, ಪ್ರತಿಯೊಂದಕ್ಕೂ ಒಂದು ಪರದೆ. ಎರಡು ಗೂಡಿನ ಪರದೆ ಆಗಲೇ ಮುಚ್ಚಿತ್ತು.

"ಇಲ್ಲಿಗೆ ಯಲ್ಲಾಪುರದ ಬದಿಯವ್ರು ಬರ್ತಾರಾ ತಂಗಿ?" ಹೆಗಡೆ ಲವಂಗದ ನಡುವಿನಿಂದ ಪಿಸುಗುಟ್ಟಿದ.

"ಬಂದವ್ರ ಊರು ಕೇಳೂದಿಲ್ರಾ ನಾನು. ಎಷ್ಟು ಹೊತ್ತು ಬೇಕು ಅಷ್ಟೇ ಕೇಳೂದು."

ಈ ಉತ್ತರವೂ ಹೆಗಡೆಗೆ ಅನುಮಾನಾಸ್ಪದವಾಗಿಯೇ ಕಂಡಿತು. ಒಳಗೆ ಹೋಗಿ ಪರದೆ ಎಳೆದುಕೊಂಡ. ಟೆಂಡರಿನ ಜಾಲತಾಣದೊಳಗೆ ಹೋಗಲು ಪೆನ್‌ಡ್ರೈವಿನಂಥ ಡಿಜಿಟಲ್ ಸಹಿಯ ಕಡ್ಡಿ ಬೇಕು. ಅದನ್ನು ಯಾರೂ ಕದಿಯದಿರಲೆಂದು ಅವನು ಕಪಾಟಿನ ಕೀಲಿಯಂತೆ ಜನಿವಾರಕ್ಕೆ ಕಟ್ಟಿಕೊಂಡಿದ್ದ. ಕಂಪ್ಯೂಟರಿನ ಡಬ್ಬಿಯೋ ನೆಲದ ಮೇಲಿತ್ತು. ದಾರದಿಂದ ಬಿಚ್ಚದೆಯೇ ಕಡ್ಡಿ ಸಿಕ್ಕಿಸಿದಾಗ ಅವನು ಡಬ್ಬಿಗೆ ಉದ್ದಂಡ ನಮಸ್ಕಾರ ಮಾಡಲು ಹೊರಟು ಅರ್ಧಕ್ಕೆ ಮನಸ್ಸು ಬದಲಿಸಿದವನಂತೆ ಕಂಡ.

ಮೊದಲು ಈ ಹಿಂದಿನ ಕೆಲಸಗಳೆಲ್ಲ ಯಾರಿಗೆ ಸಿಕ್ಕವೆಂದು ಹುಡುಕಿದ. ಮಂಜಪ್ಪ ನಾಯ್ಕ, ಕಿರವತ್ತಿಯ ಪಾಟೀಲ, ಮತ್ತೆ ನಾಯ್ಕ, ಮತ್ತೆ ಪಾಟೀಲ. ಊಟದ ಪಂಕ್ತಿಯಲ್ಲಿ ಅನ್ನ, ಸಾರು ಬಂದ ಹಾಗೆ ಒಬ್ಬನ ಹಿಂದೆ ಇನ್ನೊಬ್ಬ. "ಇಬ್ರೂ ಸೇರಿ ಎಂತದೋ ನಡೆಸಿದ್ದ" ಎಂದುಕೊಂಡ. ಆಮೇಲೆ ಹೊಸ ಟೆಂಡರುಗಳನ್ನು ಹುಡುಕಿದ. ಮಾಗೋಡು ರಸ್ತೆಯಲ್ಲೊಂದು ಮೋರಿ. ಪುಟ್ಟ ಕೆಲಸ, ಅವನಿಗೆ ಹೇಳಿ ಮಾಡಿಸಿದ್ದು. ಗಡುವು ಇವತ್ತೇ ನಾಲ್ಕಕ್ಕೆ. ತಡಮಾಡದೆ ಪ್ರಕಟಣೆಯನ್ನು ಪ್ರಿಂಟಿಗೆ ಕೊಟ್ಟ.

ಸೈಬರಿಗೆಲ್ಲ ಇದ್ದದ್ದು ಒಂದೇ ಪ್ರಿಂಟರು. ಅದು ಕೆಮ್ಮಿ ಕೆಮ್ಮಿ ಕಾಗದ ಉಗುಳಿತು.

"ಮಾಗೋಡು ಮೋರಿ ಯಾರದ್ರಾ?" ಚೇತನಾ ಕೂಗಿದಳು. "ಮೂರು ಬಂದದೆ!"

ಮೂರು ಪರದೆಗಳಿಂದ ಮೂರು ಕೈ ಹೊರಬಂದವು. ಹೆಗಡೆ ಗಾಬರಿಯಿಂದ ಏಳಹೋದ. ಜನಿವಾರ ಅವನನ್ನು ಡಬ್ಬಿಯ ಕಡೆ ವಾಪಸು ಎಳೆಯಿತು.

"ಹೆಗಡೇರೇ! ನೀವೆಂತ ಇಲ್ಲಿ?" ಮೊದಲ ಗೂಡಿನಿಂದ ಮಂಜಪ್ಪ ನಾಯ್ಕ.

"ಹಲ್ಲುನೋವು."

"ಅದಕ್ಕ ಕಂಪ್ಯೂಟರಿಗೆ ಬಾಯಿ ತೋರಸಾಕತ್ತೀರೇನ್ರಿ?" ಎರಡನೆಯ ಗೂಡಿನಿಂದ ಕಿರವತ್ತಿಯ ಉಲ್ಲಾಸ ಪಾಟೀಲ. ಅವನು ಮನೆಯಲ್ಲಿ ಎಮ್ಮೆ ನೋಡಲು ಹೋಗುತ್ತೇನೆಂದು ಹೇಳಿ ಬಂದಿದ್ದ. ನಾಯ್ಕ ಸಾವಿನ ಮನೆಗೆ ಹೋಗಬೇಕೆಂದು ಹೇಳಿ ಹೊರಟಿದ್ದ. ಮೂವರೂ ಒಬ್ಬರಿಗೊಬ್ಬರು ಹೆದರಿಯೇ ಇಷ್ಟು ದೂರ ಬಂದಿದ್ದರು.

ಇನ್ನೇನು ಮಾಡುವುದು? ಎದುರಿನ ಹೋಟೆಲಿಗೆ ಚಹಾಕ್ಕೆ ಹೋದರು. ಪೆಟ್ಟಿಗೆಯ ಕಾಲದಲ್ಲೂ ಕಚೇರಿಯ ಹಿಂದಿನ ಚಹಾದಂಗಡಿಯಲ್ಲೇ ಯಾವ ಕೆಲಸ ಯಾರ ಪಾಳಿ ಎಂಬುದು ತೀರ್ಮಾನವಾಗುತ್ತಿತ್ತು.

"ಈ ಸಲ ಹೆಗಡೇರು ತಗಳ್ಳಿ," ಎಂದ ನಾಯ್ಕ. "ಒಬ್ರೇ ಹಾಕಿದ್ರೆ ರದ್ದು ಮಾಡ್ತಾರೆ. ನೀವು ಸರಕಾರದ ಅಂದಾಜಿಗಿಂತ ಐದು ಪರ್ಸೆಂಟು ಮೇಲೆ ಹಾಕಿ. ನಾನು ಒಂಬತ್ತು ಮೇಲೆ ಹಾಕ್ತೆ."

"ನಾ ಹನ್ನೆರಡು ಮ್ಯಾಲ ಹಾಕ್ತೀನ್ರಿ," ಎಂದ ಪಾಟೀಲ. "ಪಾಪ, ನಿಮ್ಮ ಲೈಸೆನ್ಸ್ ಹೊಂಟೈತಲ್ರಿ."

ಹೆಗಡೆ ಚಹಾದ ಲೋಟ ಕೆಳಗಿಟ್ಟ. ಲೈಸೆನ್ಸಿನ ವಿಷಯ ಇವನಿಗೆ ಹೇಗೆ ತಿಳಿಯಿತು? ಅದಕ್ಕಿಂತ ಹೆಚ್ಚಾಗಿ, ಈ 'ಪಾಪ' ಎಲ್ಲಿಂದ ಬಂತು? ಪೈಪೋಟಿಯನ್ನು ಅವನು ಅರ್ಥಮಾಡಿಕೊಳ್ಳಬಲ್ಲ. ಕನಿಕರದ ಹಿಂದೆ ಮಾತ್ರ ಭಾರೀ ಸಂಚು ಇರಲೇಬೇಕು.

ಮತ್ತೆ ಗೂಡು ಸೇರಿ, ಕತ್ತು ಬಗ್ಗಿಸಿ, ಐದು ಮೇಲೆ ಎಂದು ಬರೆದ. ಒತ್ತುವ ಮುನ್ನ ಕಿವಿಗೊಟ್ಟ. ಪಕ್ಕದ ಗೂಡಿನಲ್ಲಿ ಟಕ್ ಟಕ್ ಟಕ್. ಒಂಬತ್ತು ಒತ್ತಲು ಒಂದೇ ಟಕ್ ಸಾಕಲ್ಲ? ನಾಯ್ಕ ಕೆಳಗಿಳಿಯುತ್ತಿದ್ದಾನೆ! ಹೆಗಡೆ ಐದು ಅಳಿಸಿ, ಅಂದಾಜಿಗಿಂತ ಎಂಟು ಕೆಳಗೆ ಎಂದು ಬರೆದ. ಆಚೆ ಪಾಟೀಲ ಒಬ್ಬನೇ ಕಿಸಕ್ಕೆಂದು ನಕ್ಕ. ಹೆಗಡೆ ಹದಿನೈದಕ್ಕಿಳಿದ. ನಾಯ್ಕ ಉಸ್ಸೆಂದು ನಿಟ್ಟುಸಿರುಬಿಟ್ಟ. ದೊಡ್ಡ ದ್ರೋಹ ಮಾಡುವ ಮುನ್ನ ಮನುಷ್ಯ ಬಿಡುವುದು ಅಂಥ ನಿಟ್ಟುಸಿರೇ. ಹೆಗಡೆ ಕಣ್ಣು ಮುಚ್ಚಿ ಇಪ್ಪತ್ತಮೂರು ಕೆಳಗೆ ಎಂದು ಬರೆದು, ಕುಲದೇವರನ್ನು ನೆನೆದು, ಒತ್ತಿಬಿಟ್ಟ.

ಐದಕ್ಕೆ ದರಗಳು ಕಂಪ್ಯೂಟರಿನ ಪರದೆಗೆ ಬಂದವು. ಮೂರೂ ತಲೆಗಳು ಒಂದೇ ಗೂಡಿನಲ್ಲಿ ಬಾಗಿದವು.

ಮಂಜಪ್ಪ ನಾಯ್ಕ, ಒಂಬತ್ತು ಮೇಲೆ. ಉಲ್ಲಾಸ ಪಾಟೀಲ, ಹನ್ನೆರಡು ಮೇಲೆ. ವಿಘ್ನೇಶ್ವರ ಹೆಗಡೆ, ಇಪ್ಪತ್ತಮೂರು ಕೆಳಗೆ.

ಇಬ್ಬರೂ ಕೊಟ್ಟ ಮಾತನ್ನು ಅಕ್ಷರಶಃ ನಡೆಸಿದ್ದರು. ಹೆಗಡೆ ಪಕ್ಕದ ಗೂಡುಗಳತ್ತ ಕಣ್ಣು ಹೊರಳಿಸಿದಾಗ ನಾಯ್ಕನ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ಅರ್ಧಕ್ಕೆ ನಿಂತಿದ್ದು ಕಾಣಿಸಿತು. ಪಾಟೀಲ ಅದನ್ನೇ ಗೆದ್ದು ಮುಗಿಸಿದ್ದ. ಕೆಲಸ ಸಿಕ್ಕಿತು, ಲೈಸೆನ್ಸು ಉಳಿಯಿತು. ಆ ದರಕ್ಕೆ ಮೋರಿ ಕಟ್ಟಿದರೆ ಉಳಿಯುವುದು ಅದೊಂದೇ. ಬೇಡವೆಂದರೆ ಕಪ್ಪುಪಟ್ಟಿ, ಅದೂ ಉಳಿಯದು.

ಈಗ ಬೈಗುಳ ಬೀಳುತ್ತದೆಂದು ಅವನು ತಲೆ ತಗ್ಗಿಸಿ ಕಾದ. ಯಾರೂ ಬೈಯಲಿಲ್ಲ. ಇಬ್ಬರೂ ಅವನನ್ನೇ ನೋಡುತ್ತಿದ್ದರು, ಕಣ್ಣು ಸಣ್ಣದು ಮಾಡಿ.

"ಇಪ್ಪತ್ಮೂರು ಕೆಳಗೆ," ನಾಯ್ಕ ಮೆಲ್ಲಗೆ ಹೇಳಿದ. "ಹೆಗಡೇರಿಗೆ ಸಿಮೆಂಟು ಎಲ್ಲೋ ಪುಕ್ಕಟೆ ಸಿಗ್ತದೆ."

"ಸಿದ್ದಾಪುರದಾಗ ಸಿಗತೈತೇನ್ರಿ? ಅದಕ್ಕ ಇಷ್ಟು ದೂರ ಬಂದೀರಿ!"

ನಿಮ್ಮನ್ನು ಸುಳ್ಳರೆಂದು ತಿಳಿದು ಹೀಗೆ ಮಾಡಿದೆ ಎನ್ನುವುದು ಹೇಗೆ? "ಎಂತೋ ಒಂದು ಲೆಕ್ಕಾಚಾರ," ಎಂದು ಹೆಗಡೆ ನಕ್ಕ. ಅಲ್ಲಿಗೆ ಅವರಿಗೆ ಖಾತ್ರಿಯಾಯಿತು.

ವಾಪಸು ಬಸ್ಸಿನಲ್ಲಿ ಇಬ್ಬರೂ ಅವನ ಹಿಂದಿನ ಸೀಟಿನಲ್ಲೇ ಕೂತರು. ಸಿರಸಿಯಲ್ಲಿ ಅವನು ಇಳಿದ, ಅವರೂ ಇಳಿದರು. ಅವನು ಬಾಳೆಹಣ್ಣು ಕೊಂಡ. ಅವರು ಅಂಗಡಿಯವನನ್ನು ಆಚೆ ಕರೆದು ಏನೋ ವಿಚಾರಿಸಿದರು. ಕೊನೆಗೆ ಹೆಗಡೆ ನಿಲ್ದಾಣದ ಮೂತ್ರಾಲಯದೊಳಗೆ ಹೋಗಿ, ಅವರು ತೊಲಗಲೆಂದು ಅಲ್ಲೇ ನಿಂತ. ಹೊರಗೆ ಬಾಗಿಲಿನ ಆಚೆ ಒಬ್ಬ, ಈಚೆ ಒಬ್ಬ ಕಾಯುತ್ತಿದ್ದರು.

"ಭಾಳ ಹೊತ್ತಾತಲ್ರಿ," ಪಾಟೀಲನ ದನಿ ಕೇಳಿಸಿತು. "ಒಳಗ ಯಾರ ಕೂಡ ಮಾತಾಡಾಕತ್ತಾರ?"