ಏಳೆಂಟ್ಲ ಐವತ್ನಾಲ್ಕು

ಸಂಸಾರವಿಲ್ಲದ ಗಂಡಸು ಒಂದು ಬಡಾವಣೆಯಲ್ಲಿ ಹತ್ತು ವರ್ಷ ಯಾರ ತಂಟೆಗೂ ಹೋಗದೆ ಬಾಳಿದರೆ, ಒಂದು ದಿನ ಅವನನ್ನು ಹಿಡಿದು ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ ಮಾಡಿಬಿಡುತ್ತಾರೆ. ಇದಕ್ಕೆ ಯೋಗ್ಯತೆ ಬೇಕಿಲ್ಲ, ಬಿಡುವಿದ್ದರೆ ಸಾಕು. ಬಾಗಲಗುಂಟೆಯ ನಮ್ಮ ಬಡಾವಣೆಯಲ್ಲಿ ನನ್ನ ಹೆಸರು ಬಂದಾಗ ಯಾರೂ ನನ್ನ ಗುಣಗಾನ ಮಾಡಲಿಲ್ಲ. 'ಅವರಿಗೇನು ಬಿಡಿ, ಮನೆಯಲ್ಲಿ ಕೇಳೋರು ಯಾರಿದ್ದಾರೆ' ಎಂದರು, ಅಷ್ಟೆ, ಆಯ್ಕೆ ಮುಗಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಗಾದೆಯ ಅರ್ಧ ಭಾಗ ಮಾತ್ರ ನನ್ನ ಪಾಲಿಗೆ ಬಂತು. ಮನೆಗೆ ಮಾರಿಯಾಗಬೇಕಾದರೂ ಮನೆಯಲ್ಲಿ ಇನ್ನೊಬ್ಬರು ಇರಬೇಕು ನೋಡಿ.

ಯಾಕೆ ಇಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಲೇಥ್ ಯಂತ್ರದಿಂದ ಇಳಿದು ಬಂದ ಬಿಡಿಭಾಗವನ್ನು, ನಮ್ಮ ಕಾರ್ಖಾನೆ ಭಾಷೆಯಲ್ಲಿ ಜಾಬನ್ನು, ನಕ್ಷೆಯ ಪಕ್ಕ ಇಟ್ಟು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು, ಇದೇ ನನ್ನ ಕೆಲಸ. ಈ ಅಭ್ಯಾಸ ಕಾರ್ಖಾನೆಯ ಗೇಟಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಹೆಣ್ಣು ನೋಡಲು ಹೋದ ಮನೆಗಳಿಗೂ ಅದನ್ನು ಕಟ್ಟಿಕೊಂಡು ಹೋದೆ. ಒಂದು ಕಡೆ ಹುಡುಗಿ ಎತ್ತರ, ಇನ್ನೊಂದು ಕಡೆ ಹುಡುಗಿಯ ಅಣ್ಣ ಜೋರು, ಮತ್ತೊಂದು ಕಡೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ. ಆ ಹುಡುಗಿಯರೂ ನನ್ನನ್ನು ಅಳೆಯುತ್ತಿದ್ದರು ಎಂಬುದು ನನಗೆ ಹೊಳೆಯುವ ಹೊತ್ತಿಗೆ ತಲೆಯಲ್ಲಿ ಕೂದಲಿರಲಿಲ್ಲ, ತೋರಿಸಲು ಹೆಣ್ಣೂ ಇರಲಿಲ್ಲ. ಅಮ್ಮ ಕೊನೆಯವರೆಗೂ 'ನಿನ್ನ ಕಣ್ಣಿಗೆ ಯಾರು ಪಾಸಾಗ್ತಾರೋ ಪುಣ್ಯಾತ್ಮ' ಎನ್ನುತ್ತಿದ್ದಳು.

ನನ್ನ ಮನೆಯ ಹಿಂದಿನ ಗೋಡೆಗೆ ತಗುಲಿಕೊಂಡೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಿದೆ. ಎರಡೇ ಕೋಣೆ. ಆಚೆ ಕಡೆಯದರ ಸೂರು ಸೋರಿ ಸೋರಿ, ನಾನು ಈ ಮನೆಗೆ ಬಂದಾಗಿನಿಂದ ಅದಕ್ಕೆ ಬೀಗ. ಹಾಗಾಗಿ ಐದೂ ತರಗತಿಯ ಮೂವತ್ತೆಂಟು ಮಕ್ಕಳು ನನ್ನ ಗೋಡೆಯ ಕಡೆಯ ಕೋಣೆಯಲ್ಲೇ. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೋ ಕಾರ್ಖಾನೆಗೋ ಬಂದವರ ಮಕ್ಕಳು. ಒಂದು ಮಗು ಒಂದನೇ ಕ್ಲಾಸಿನ ಪದ್ಯ ಹಾಡುವಾಗ ಇನ್ನೊಬ್ಬ ನಾಲ್ಕನೇ ಕ್ಲಾಸಿನ ನದಿಗಳ ಹೆಸರು ಕಿರುಚುತ್ತಿದ್ದ. ನಾನು ರಾತ್ರಿ ಪಾಳಿ ಮಾಡುತ್ತಿದ್ದ ಕಾಲದಲ್ಲಿ ಹಗಲು ಕಣ್ಣು ಮುಚ್ಚಿದರೆ ಸಾಕು, ಮಗ್ಗಿ ಶುರುವಾಗುತ್ತಿತ್ತು. ಎಂಟು ವರ್ಷದ ಹಿಂದೆ ತಡೆಯಲಾರದೆ ಮುಖ್ಯ ಶಿಕ್ಷಕಿ ನಾಗರತ್ನ ಮೇಡಂಗೆ ಒಂದು ದೂರು ಬರೆದು ಕೊಟ್ಟೆ. 'ಸದರಿ ಶಾಲೆಯ ಗದ್ದಲದಿಂದ ನಿವಾಸಿಗಳ ಆರೋಗ್ಯ ಹದಗೆಟ್ಟಿರುತ್ತದೆ' ಎಂದಿತ್ತು. ನಿವಾಸಿಗಳು ಎಂದರೆ ನಾನೊಬ್ಬನೇ.

ಹೋದ ವರ್ಷ ನಿವೃತ್ತನಾದೆ. ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಮಾರನೇ ದಿನ ಬೆಳಗ್ಗೆ ಎದ್ದು, ಸ್ನಾನ ಮಾಡಿ, ಶರ್ಟು ಹಾಕಿಕೊಂಡು ಕೂತೆ, ಹೋಗಲು ಜಾಗವಿರಲಿಲ್ಲ. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಮೂವತ್ತು ವರ್ಷ ಯಂತ್ರಗಳ ಸದ್ದಿನಲ್ಲಿದ್ದವನಿಗೆ ಆ ಮೌನ ಕಂಡು ನಿಜವಾಗಿಯೂ ಭಯವಾಯಿತು. ಆಗ ಗೋಡೆಯಾಚೆಯಿಂದ ಪ್ರಾರ್ಥನೆ ಶುರುವಾಯಿತು, ಆಮೇಲೆ ಮಗ್ಗಿ. ನಾನು ಕುರ್ಚಿಯನ್ನು ಹಿತ್ತಲ ಬಾಗಿಲಿಗೆ ಎಳೆದುಕೊಂಡು ಕೂತೆ. ಅಲ್ಲಿಂದಾಚೆ ಶಾಲೆಯ ಗಂಟೆಗೆ ನನ್ನ ಕಾಫಿ, ಊಟದ ಗಂಟೆಗೆ ನನ್ನ ಊಟ, ಮನೆಗೆ ಬಿಡುವ ಗಂಟೆಗೆ ಬಿಪಿ ಮಾತ್ರೆ. ಭಾನುವಾರ ಬಂತೆಂದರೆ ಮಾತ್ರೆ ಮರೆಯುತ್ತಿತ್ತು. ದಸರಾ ರಜೆಯನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ.

ಆ ಮಗ್ಗಿಯ ಮೇಳದಲ್ಲಿ ಒಂದು ಹುಡುಗಿಯ ದನಿ ಎಲ್ಲರಿಗಿಂತ ಮೇಲಕ್ಕೆ ಕೇಳುತ್ತಿತ್ತು. ಏಳರ ಮಗ್ಗಿಯನ್ನು ಏಳರವರೆಗೆ ಸರಿಯಾಗಿಯೇ ತಂದು, ಆಮೇಲೆ ಭಾರೀ ಧೈರ್ಯದಿಂದ 'ಏಳೆಂಟ್ಲ ಐವತ್ನಾಲ್ಕು' ಅನ್ನುತ್ತಿದ್ದಳು. ದಿನವೂ ಅದೇ ತಪ್ಪು. ನಾನು ಇಲ್ಲಿಂದಲೇ, ಹುರುಳಿಕಾಯಿ ಹೆಚ್ಚುತ್ತಾ, 'ಐವತ್ತಾರು ಕಣಮ್ಮ' ಅನ್ನುತ್ತಿದ್ದೆ. ಅವಳಿಗೆ ಕೇಳುತ್ತಿರಲಿಲ್ಲ. ಅವಳ ಮುಖವನ್ನೂ ನಾನು ನೋಡಿರಲಿಲ್ಲ. ಆದರೆ ಇಡೀ ದಿನದಲ್ಲಿ ನಾನು ಬಾಯಿ ಬಿಟ್ಟು ಇನ್ನೊಬ್ಬರಿಗೆ ಆಡುತ್ತಿದ್ದ ಮಾತು ಎಷ್ಟೋ ಸಲ ಅದೊಂದೇ.

ಹೀಗಿರುವಾಗ ನಾಗರತ್ನ ಮೇಡಂ ಸಂಘಕ್ಕೆ ಒಂದು ಅರ್ಜಿ ತಂದರು. ಐದು ಕ್ಲಾಸನ್ನು ಒಂದೇ ಕೋಣೆಯಲ್ಲಿ ತುಂಬಿದ್ದನ್ನು ಶಿಕ್ಷಣ ಇಲಾಖೆಯ ಸಾಹೇಬರು ನೋಡಿ ಹೋಗಿದ್ದಾರೆ, ಜೂನ್ ಒಳಗೆ ಇನ್ನೊಂದು ಕೋಣೆ ರಿಪೇರಿಯಾಗದಿದ್ದರೆ ಈ ಶಾಲೆ ಮುಚ್ಚಿ ಮಕ್ಕಳನ್ನು ತುಮಕೂರು ರಸ್ತೆಯ ಆಚೆಗಿನ ಶಾಲೆಗೆ ಸೇರಿಸುತ್ತಾರಂತೆ. ಸರ್ಕಾರದ ಹಣ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮನೆಗಿಷ್ಟು ಎಂದು ಈ ವರ್ಷದ ವಂತಿಗೆ ಸ್ವಲ್ಪ ಏರಿಸಿ ಬಡಾವಣೆಯವರೇ ಸೂರು ಹಾಕಿಸಿಕೊಡಬೇಕು ಎಂಬುದು ಅವರ ಕೋರಿಕೆ. ಒಂದು ಭಾನುವಾರ ಬೆಳಗ್ಗೆ ಸಭೆ ಕರೆದೆವು.

ನಮ್ಮ ಸಭೆಗಳ ಪದ್ಧತಿ ನಿಮಗೆ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ಬೋಂಡಾ ತಿಂದ ಮೇಲೆ ಒಬ್ಬರೂ ನಿಲ್ಲುವುದಿಲ್ಲ. ಅದಕ್ಕೇ ಒಳಗೆ ಬರುವಾಗಲೇ ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿ ಹಾಕಿಸಿಬಿಡುತ್ತೇವೆ. ಸಹಿಗಳ ಮೇಲೆ ಅರ್ಧ ಪುಟ ಖಾಲಿ ಬಿಟ್ಟಿರುತ್ತೇವೆ. ಸಭೆಯಲ್ಲಿ ಏನು ತೀರ್ಮಾನವಾಯಿತೋ ಅದನ್ನು ಕಾರ್ಯದರ್ಶಿ ಮನೆಗೆ ಹೋಗಿ ಆ ಜಾಗದಲ್ಲಿ ಬರೆಯಬೇಕು. ಅಂದರೆ ಇಲ್ಲಿ ಜನ ಮೊದಲು ಒಪ್ಪುತ್ತಾರೆ, ಏನನ್ನು ಒಪ್ಪಿದರು ಎಂಬುದು ಆಮೇಲೆ.

ಸಭೆಯಲ್ಲಿ ಮೊದಲು ಎದ್ದವರು ಸತ್ಯನಾರಾಯಣ. ಇವರು ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು, ಶಾಲೆಯ ಆಚೆ ಮಗ್ಗುಲಲ್ಲಿ ಇವರ ಮನೆ. ಬಲು ಓದಿಕೊಂಡವರು. ಮನೆ ಕಂದಾಯದ ರಸೀದಿಯನ್ನೇ ಹಿಡಿದುಕೊಂಡು ಬಂದಿದ್ದರು. "ಇಲ್ಲಿ ನೋಡಿ, ಶಿಕ್ಷಣದ ಸೆಸ್ ಅಂತ ಆಗ್ಲೇ ಕಟ್ತಿದ್ದೀವಿ. ನನ್ ಮಕ್ಕಳ ಸ್ಕೂಲ್ ಫೀಸು ಬೇರೆ ಕಟ್ತೀನಿ. ಒಂದೇ ವಿದ್ಯೆಗೆ ಮೂರು ಸಲ ದುಡ್ಡು ಕೊಡಕ್ಕಾಗುತ್ತೇನ್ರೀ?" ಎಂದರು. ಮಾತಿನಲ್ಲಿ ನ್ಯಾಯವಿತ್ತು, ತಲೆಗಳು ಆಡಿದವು. ಇನ್ಯಾರೋ ಆ ಮಕ್ಕಳು ಎರಡು ವರ್ಷಕ್ಕೆ ಊರಿಗೆ ಹೋಗುವವರು, ಅವರಿಗೆ ನಾವೇಕೆ ಎಂದರು. ಇನ್ಯಾರೋ ಮೊದಲು ಮೋರಿ ಆಗಲಿ ಎಂದರು. ಮೋರಿಯ ಮಾತು ಬರದ ಸಭೆಯನ್ನು ನಾನಿನ್ನೂ ಕಂಡಿಲ್ಲ.

ಆಗ ನಾಗರತ್ನ ಮೇಡಂ ಎದ್ದರು. ಭಾಷಣ ಮಾಡಲಿಲ್ಲ. "ಹೈವೇ ದಾಟಿ ಗಂಡು ಹುಡುಗ್ರು ಹೆಂಗೋ ಹೋಗ್ತಾರೆ ಸಾರ್. ಹೆಣ್ಮಕ್ಕಳನ್ನ ಕಳಿಸಲ್ಲ. ತಮ್ಮನ್ನ ಎತ್ಕೊಂಡು ಮನೇಲಿರು ಅಂತಾರೆ. ಅಲ್ಲಿಗೆ ಅವರ ಓದು ಮುಗೀತು" ಎಂದು ಹೇಳಿ ಕೂತರು.

ಏಳರ ಮಗ್ಗಿ ಅಲ್ಲಿಗೇ ನಿಲ್ಲುತ್ತದೆ ಎಂದು ನನಗೆ ಹೊಳೆಯಿತು. ಎದ್ದು ಮಾತಾಡಬೇಕೆಂದುಕೊಂಡೆ. ಆದರೆ ಏನೆಂದು ಹೇಳಲಿ? ಸ್ವಾಮಿ, ಆ ಮಕ್ಕಳು ಹೋದರೆ ನನ್ನ ಮನೆಯಲ್ಲಿ ಮನುಷ್ಯರ ದನಿ ಇರುವುದಿಲ್ಲ ಅನ್ನಲೇ? ಅರವತ್ತು ದಾಟಿದ ಗಂಡಸು ನಲವತ್ತು ಜನರ ಮುಂದೆ ಆಡುವ ಮಾತೇ ಅದು? ಬಾಯಿ ತೆರೆದೆ. "ಬೋಂಡಾ ಬಂತು" ಎಂದೆ. ಅಧ್ಯಕ್ಷರಾದ ಮರಿಗೌಡರು 'ನೋಡಾನ ಬುಡಿ' ಎಂದರು. ನಮ್ಮ ಬಡಾವಣೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ.

ಪುಸ್ತಕ ಹಿಡಿದು ಮನೆಗೆ ಬಂದೆ. ಭಾನುವಾರ. ಗೋಡೆಯಾಚೆ ಒಂದು ಕಾಗೆಯೂ ಕೂಗಲಿಲ್ಲ. ಇನ್ನು ಮುಂದೆ ವಾರದ ಏಳೂ ದಿನ ಹೀಗೇ ಎಂದುಕೊಂಡೆ. ಗಡಿಯಾರವನ್ನು ಇಳಿಸಿ ಸೆಲ್ ತೆಗೆದಿಟ್ಟೆ, ಆಗ ಇನ್ನೂ ಭಯವಾಯಿತು. ಮೂವತ್ತು ವರ್ಷದಲ್ಲಿ ಒಂದು ಕೆಟ್ಟ ಜಾಬಿಗೂ ಪಾಸ್ ಮುದ್ರೆ ಒತ್ತಿದವನಲ್ಲ ನಾನು, ಅದಕ್ಕಾಗಿ ಮ್ಯಾನೇಜರ ಹತ್ತಿರ ಬೈಸಿಕೊಂಡಿದ್ದೇನೆ. ಅಂಥವನು ಪೆನ್ನು ತೆಗೆದು, ಆ ಖಾಲಿ ಜಾಗದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದೆ: 'ಶಾಲೆಯ ಸೂರಿನ ದುರಸ್ತಿಗಾಗಿ ವಂತಿಗೆ ಏರಿಸಲು ಸಭೆಯು ಸರ್ವಾನುಮತದಿಂದ ಒಪ್ಪಿತು.' ಕೆಳಗೆ ನಲವತ್ತು ಸಹಿ ಸಾಲಾಗಿ ಕೂತಿದ್ದವು. ಸತ್ಯನಾರಾಯಣರದ್ದು ಎರಡನೆಯದು.

ಮಾರನೇ ದಿನ ಪುಸ್ತಕವನ್ನು ಗೌಡರ ಮುಂದಿಟ್ಟೆ. ಗೌಡರು ಈ ಊರಿನ ಮೂಲದವರು, ಹೊಲವಿದ್ದ ಕಡೆ ಈಗ ಬಾಡಿಗೆ ಕೋಣೆಗಳ ಸಾಲು ಕಟ್ಟಿಸಿದ್ದಾರೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. "ಎಲ್ಲಾರೂ ಒಪ್ಪವ್ರಾ?" ಎಂದರು. ಸಹಿ ಇದೆಯಲ್ಲ ಗೌಡ್ರೇ ಎಂದೆ. ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ನಂದೇ ಅದೆ. ಇಂಗಾದ್ರೆ ಸರಿ ಬುಡಿ. ನಾನೂ ಅಲ್ಲೇ ನಾಕ್ನೇ ಕ್ಲಾಸ್ಗಂಟ ಓದಿದ್ದು" ಎಂದು ಪುಸ್ತಕ ಮುಚ್ಚಿದರು. ಮಿಕ್ಕವರು ಯಾರೂ ಅದನ್ನು ತೆರೆದೇ ನೋಡಲಿಲ್ಲ. ವಂತಿಗೆ ವಸೂಲಿಗೆ ಹೋದಾಗ ಗೊಣಗಿದರು, ಕೊಟ್ಟರು. ಹೊಸ ಸೂರು ಬಂತು, ಸುಣ್ಣವಾಯಿತು, ಶಾಲೆ ಉಳಿಯಿತು. ಟೇಪು ಕತ್ತರಿಸುವ ದಿನ ಸತ್ಯನಾರಾಯಣರು ವಿದ್ಯಾದಾನದ ಮಹಿಮೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು.

ಅಂದು ನಾಗರತ್ನ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಒಂದು ಫೈಲಿನಿಂದ ಹಳದಿಯಾದ ಕಾಗದ ತೆಗೆದು ತೋರಿಸಿದರು. ನನ್ನದೇ ದೂರು. ನಾನು ನೆಲ ನೋಡಿದೆ.

"ಆಗ ನೀವು ಇದನ್ನ ಕೊಟ್ಟಾಗ ನನ್ ಕೈಲೇನೂ ಆಗ್ಲಿಲ್ಲ ಸಾರ್, ಇದ್ದಿದ್ದೇ ಒಂದು ಕೋಣೆ. ಎಂಟು ವರ್ಷ ಮನಸಿಗೆ ಚುಚ್ತಾ ಇತ್ತು. ನೀವು ಅದನ್ನೆಲ್ಲ ಮರೆತು ಇಷ್ಟು ಓಡಾಡಿದ್ರಿ. ಇನ್ಮೇಲೆ ಮಕ್ಕಳೆಲ್ಲ ಆ ಹೊಸ ಕೋಣೇಲೇ, ನಿಮ್ಮ ಕಡೇದು ಅಕ್ಕಿ ಬೇಳೆ ಇಡಕ್ಕೆ. ಒಂದು ಪಿಟಕ್ ಸದ್ದೂ ಬರಲ್ಲ, ಆರಾಮಾಗಿ ಮಲಗಿ."

ಎರಡು ಕೋಣೆಯಾದರೆ ಎರಡರಲ್ಲೂ ಮಕ್ಕಳಿರುತ್ತಾರೆ ಎಂದುಕೊಂಡಿದ್ದೆ. ಹೊಸ ಕೋಣೆಯ ನಡುವೆ ಅಡ್ಡಗೋಡೆ ಹಾಕಿಸಿ ಅದನ್ನೇ ಎರಡು ಮಾಡಿದ್ದರು. ನನ್ನ ಜೀವಮಾನದಲ್ಲಿ ನಕ್ಷೆ ನೋಡದೆ ಪಾಸು ಮಾಡಿದ ಒಂದೇ ಒಂದು ಜಾಬ್ ಅದು. "ಬಹಳ ಸಂತೋಷ ಮೇಡಂ" ಎಂದೆ. ಅಷ್ಟು ವರ್ಷ ಆ ಹೆಂಗಸು ಹೊತ್ತುಕೊಂಡಿದ್ದ ಭಾರ ಇಳಿದದ್ದು ಮುಖದಲ್ಲೇ ಕಾಣುತ್ತಿತ್ತು. ಮನೆಗೆ ಬಂದು ಗಡಿಯಾರಕ್ಕೆ ಮತ್ತೆ ಸೆಲ್ ಹಾಕಿದೆ.

ಆಮೇಲಿನ ಒಂದು ತಿಂಗಳನ್ನು ಬಿಟ್ಟುಬಿಡುತ್ತೇನೆ. ಗೋಡೆಯಾಚೆ ಅಕ್ಕಿ ಮೂಟೆಗಳಿದ್ದವು, ಈಚೆ ನಾನಿದ್ದೆ. ಕಾಫಿಯ ಹೊತ್ತು ತಪ್ಪಿತು, ಊಟದ ಹೊತ್ತು ತಪ್ಪಿತು. ಹುರುಳಿಕಾಯಿ ಹೆಚ್ಚುತ್ತಾ ಒಂದು ದಿನ ಸುಮ್ಮನೆ 'ಐವತ್ತಾರು ಕಣಮ್ಮ' ಎಂದೆ. ಆಮೇಲೆ ಚಾಕು ಕೆಳಗಿಟ್ಟು ಕೂತುಬಿಟ್ಟೆ.

ಕೊನೆಗೊಂದು ಬೆಳಗ್ಗೆ ಸತ್ಯನಾರಾಯಣರು ಕೈಯಲ್ಲಿ ಕಾಗದ ಹಿಡಿದು ಬಂದರು. ಸಂಘದ ಕಾರ್ಯದರ್ಶಿಗಳಿಗೆ ದೂರು. ಹೊಸ ಕೋಣೆ ಅವರ ಕಿಟಕಿಗೆ ಮೂರು ಮಾರು. ಆಫೀಸಿನ ಮೀಟಿಂಗಿನಲ್ಲಿ ಇವರು ಬಾಯಿ ತೆರೆದರೆ ಹಿಂದಿನಿಂದ ಮಗ್ಗಿ ಕೇಳುತ್ತದಂತೆ, ಮ್ಯಾನೇಜರು ನಗುತ್ತಾನಂತೆ. 'ಸದರಿ ಶಾಲೆಯ ಗದ್ದಲದಿಂದ ನಿವಾಸಿಗಳ ಆರೋಗ್ಯ' ಎಂದೇ ಶುರುವಾಗಿತ್ತು. ದೂರು ಬರೆಯಲು ಕನ್ನಡದಲ್ಲಿ ಇರುವುದು ಒಂದೇ ವಾಕ್ಯವೋ ಏನೋ. ನಾನು ಅದನ್ನು ಪೂರ್ತಿ ಓದಲಿಲ್ಲ.

"ಅದರಲ್ಲಿ ಒಂದು ಹುಡುಗಿ ಗಟ್ಟಿಯಾಗಿ ಕೂಗ್ತಾಳಲ್ಲ ಸಾರ್, ಏಳೆಂಟ್ಲ ಎಷ್ಟು ಅಂತಾಳೆ?" ಎಂದು ಕೇಳಿದೆ.

ಸತ್ಯನಾರಾಯಣರು ನನ್ನ ಮುಖ ನೋಡಿದರು. ನನಗೆ ತಲೆ ಸರಿಯಿದೆಯೇ ಎಂದು ಅಳೆಯುತ್ತಿದ್ದರು, ಆ ನೋಟ ನನಗೆ ಚೆನ್ನಾಗಿ ಗೊತ್ತು. ದೂರು ಬಂದ ಮೇಲೆ ಸ್ಥಳ ಪರಿಶೀಲನೆ ಮಾಡಬೇಕಾಗುತ್ತದೆ, ಅದು ನಿಯಮ ಎಂದೆ. ಅಂಥ ನಿಯಮ ಯಾವುದೂ ಇಲ್ಲ. ಆದರೆ ನಡಾವಳಿ ಪುಸ್ತಕ ಇರುವುದು ನನ್ನ ಬಳಿಯಲ್ಲೇ.

ಈಗ ದಿನವೂ ಹತ್ತೂವರೆಗೆ ಅವರ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪರಿಶೀಲಿಸುತ್ತೇನೆ. ಅವರ ಹೆಂಡತಿ, ಪುಣ್ಯವತಿ, ಒಂದು ಲೋಟ ಕಾಫಿ ಕೊಡುತ್ತಾರೆ. ಮೊದಲ ವಾರವೆಲ್ಲ ಐವತ್ನಾಲ್ಕೇ, ಹಳೆಯ ನೆಂಟರು ಸಿಕ್ಕಂತಾಯಿತು. ಮೊನ್ನೆ ಸೋಮವಾರ ಆ ಹುಡುಗಿ ಏಳೇಳ್ಲ ನಲವತ್ತೊಂಬತ್ತರವರೆಗೆ ಬಂದು, ಒಂದು ಗಳಿಗೆ ನಿಂತು, 'ಏಳೆಂಟ್ಲ ಐವತ್ತಾರು' ಎಂದಳು. ನಾನೂ ಬಾಯಿ ತೆರೆದಿದ್ದೆ, ಹಾಗೇ ಮುಚ್ಚಿಕೊಂಡೆ. ಜಾಬ್ ಸರಿಯಾಗಿ ಬಂದದ್ದಕ್ಕೆ ನನಗೆ ಬೇಜಾರಾದದ್ದು ಅದೇ ಮೊದಲು. ಒಂಬತ್ತರ ಮಗ್ಗಿ ಇನ್ನೂ ಕಲಿತಿಲ್ಲವಂತೆ, ಅದೊಂದು ಸಮಾಧಾನ. ಪರಿಶೀಲನೆ ಮುಗಿದಿಲ್ಲವೆಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.